ಮಡಿಕೆ ಬಿಚ್ಚುವ ದಿನ

ಹಳೆಯ ಬಟ್ಟೆಯ ಮಡಿಕೆಯೊಳಗೆ ಒಂದು ವಾಸನೆ ಇರುತ್ತದೆ. ಬಿಸಿಲು ಕಾಣದ ನೂಲು, ಬಾರ್ ಸೋಪು, ಒಣಗಿದ ಚೆಂಡುಹೂವಿನ ಎಸಳು, ಸೀಮೆಸುಣ್ಣದ ಪುಡಿ, ಎಲ್ಲ ಸೇರಿದ ವಾಸನೆ. ಮೊನ್ನೆ ಮೇ ತಿಂಗಳ ಕೊನೆಯಲ್ಲಿ ಮಗಳ ಯೂನಿಫಾರ್ಮ್ ಲಂಗದ ಅಂಚು ಬಿಚ್ಚುತ್ತ ಕೂತಿದ್ದಾಗ ಅದು ಸಣ್ಣಗೆ ಮೂಗಿಗೆ ಬಂತು. ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿದ್ದವಳು ಸೂಜಿ ಹಿಡಿದುಕೊಂಡೇ ಭೀಮನಬೀಡಿನ ನಮ್ಮ ಹೆಂಚಿನ ಮನೆಯ ಜಗಲಿಗೆ ಹೋಗಿಬಿಟ್ಟೆ. ಆ ಮನೆ ಈಗಿಲ್ಲ. ಅದೇ ಜಾಗದಲ್ಲಿ ತಮ್ಮ ಶಿವು ತಾರಸಿ ಮನೆ ಕಟ್ಟಿದ್ದಾನೆ. ಮನೆ ಚೆನ್ನಾಗಿಯೇ ಇದೆ, ಆದರೆ ಜಗಲಿ ಬಿಟ್ಟಿಲ್ಲ. ಜಗಲಿಯೇ ಇಲ್ಲದ ಮನೆಯಲ್ಲಿ ಜನ ಎಲ್ಲಿ ಕೂತು ಜಗಳ ಆಡುತ್ತಾರೋ ನನಗೆ ತಿಳಿಯದು.

ಶಾಲೆ ಶುರುವಾಗುವ ಹಿಂದಿನ ದಿನ ನಿಮ್ಮ ಮನೆಗಳಲ್ಲಿ ಏನು ನಡೆಯುತ್ತಿತ್ತೋ. ನಮ್ಮ ಮನೆಯಲ್ಲಿ ಅಂದು ಹಬ್ಬ. ಬೆಳಗ್ಗೆಯೇ ಅವ್ವ ಕಜ್ಜಾಯಕ್ಕೆ ಪಾಕ ಹಿಡಿಯುತ್ತಿದ್ದಳು. ಅಪ್ಪನ ತಂಗಿ, ನಮ್ಮ ಅತ್ತೆ, ಉಮ್ಮತ್ತೂರಿನಿಂದ ಬಸ್ಸು ಹತ್ತಿ ಬರುತ್ತಿದ್ದಳು. ಊಟ ಮುಗಿದ ಮೇಲೆ ಅಜ್ಜಿ ಜಗಲಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಕಾಲು ಚಾಚಿ ಕೂತು, "ತಕ್ಕಬನ್ರಲಾ ನಿಮ್ ಬಟ್ಟೆಯ" ಎಂದು ಕೂಗುತ್ತಿದ್ದಳು. ನನ್ನ ನೀಲಿ ಲಂಗ, ಶಿವುವಿನ ನೀಲಿ ಚಡ್ಡಿ. ಬೆಳೆಯುವ ಮಕ್ಕಳೆಂದು ಅಜ್ಜಿ ಬಟ್ಟೆಯನ್ನು ಉದ್ದ ತೆಗೆಸಿ, ಅಂಚಿನಲ್ಲಿ ಒಂದರ ಮೇಲೊಂದು ಮಡಿಕೆ ಹಾಕಿ ತಾನೇ ಕೈಹೊಲಿಗೆ ಹಾಕಿರುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ಬಿಚ್ಚುವುದಕ್ಕೂ ಒಂದು ಕ್ರಮವಿತ್ತು. ಗಂಟು ಕತ್ತರಿಸಿ ದಾರದ ತುದಿಯನ್ನು ನಮ್ಮ ಕೈಗೆ ಕೊಡುತ್ತಿದ್ದಳು. ತುಂಡಾಗದೆ ಪೂರಾ ದಾರ ಎಳೆದರೆ ಆ ವರ್ಷ ಪಾಸು. ತುಂಡಾದರೆ ಕಜ್ಜಾಯ ಕೊನೆಗೆ. ಶಿವು ಪ್ರತಿ ವರ್ಷ ದುಡುಕಿ ಎಳೆದು ತುಂಡು ಮಾಡುತ್ತಿದ್ದ. ಆದರೂ ಪಾಸಾಗುತ್ತಿದ್ದ, ಅದು ಬೇರೆ ಮಾತು. ಎಳೆದ ದಾರಗಳನ್ನು ಅತ್ತೆ ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ನಮ್ಮ ಬಲಗೈಗೆ ಒಂದೊಂದು ಎಳೆ ಕಟ್ಟುತ್ತಿದ್ದಳು. ಅದನ್ನು ಕಟ್ಟಿಕೊಂಡೇ ಮರುದಿನ ಶಾಲೆಗೆ ಹೋಗಬೇಕು.

ಆಮೇಲೆ ಎಲ್ಲರೂ ಕಾಯುತ್ತಿದ್ದ ಆಟ. ಅಜ್ಜಿ ಬಿಚ್ಚಿದ ಮಡಿಕೆಯನ್ನು ಪಂಚೆಯ ಮೇಲೆ ಕೊಡವುತ್ತ, "ಓದೊರ್ಸ ಏನೇನ್ ಕಲ್ತೀರಿ ನೋಡನ" ಎನ್ನುತ್ತಿದ್ದಳು. ರಾಗಿ ಹೊಟ್ಟು, ಪೆನ್ಸಿಲ್ ಹೆರೆದ ಸಿಪ್ಪೆ, ಸೀಮೆಸುಣ್ಣದ ಪುಡಿ, ಹೊಲದ ಕೆಮ್ಮಣ್ಣು ಉದುರುತ್ತಿತ್ತು. ಒಂದು ವರ್ಷ ನನ್ನ ಲಂಗದಿಂದ ಸಣ್ಣ ಈರುಳ್ಳಿಯ ಸಿಪ್ಪೆ ಬಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ನೀ ಇಸ್ಕೂಲ್ಗೆ ಓಯ್ತಿದ್ಯೋ ಸಂತಗೆ ಓಯ್ತಿದ್ಯೋ?" ಎಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಡಿಕೆ ಇದ್ದ ಜಾಗ ಮಾತ್ರ ಬಿಸಿಲು ತಾಗದೆ ಕಡುನೀಲಿಯಾಗಿ ಉಳಿದು, ವರ್ಷ ಕಳೆದಂತೆ ಲಂಗದ ತುಂಬ ಪಟ್ಟೆಗಳಾದವು. ಶಿವು ನನ್ನನ್ನು ಬಂಡೀಪುರದ ಹುಲಿ ಎಂದು ಕರೆಯುತ್ತಿದ್ದ. ನನಗೇನೂ ಬೇಸರವಾಗುತ್ತಿರಲಿಲ್ಲ. ಒಂದೇ ಒಂದು ದೂರು ಎಂದರೆ ಆ ಲಂಗ ಸೊಂಟದ ಹತ್ತಿರ ದಪ್ಪವಾಗಿ ಕೆರೆಯುತ್ತಿತ್ತು. ಹೇಳಿದರೆ ಅಜ್ಜಿ, "ಗಟ್ಟಿಯಾಗಿರ್ಲಿ ಬುಡು ಕಣಮ್ಮಿ" ಎಂದು ಮಾತು ತೇಲಿಸುತ್ತಿದ್ದಳು.

ಹೆಣ್ಣುಮಗಳಿಗೆ ಓದು ಯಾಕೆ ಎಂದು ಯಾರಾದರೂ ಎತ್ತಿದರೆ ಅಜ್ಜಿಯ ಹತ್ತಿರ ಒಂದೇ ಉತ್ತರ: "ಮಡಿಕೆ ಇರೋಗಂಟ ಇಸ್ಕೂಲು." ಮಡಿಕೆ ಇರುವವರೆಗೆ ಶಾಲೆ. ವಾದ ಅಲ್ಲಿಗೆ ಮುಗಿಯುತ್ತಿತ್ತು. ಬಟ್ಟೆ ದುಡ್ಡು ಕೊಟ್ಟು ತಂದದ್ದು, ಮಡಿಕೆ ದಂಡವಾಗಬಾರದಲ್ಲ. ಆದರೆ ನಾನು ಏಳನೇ ತರಗತಿ ಮುಗಿಸಿದ ವರ್ಷ ಅಂಚಿನಲ್ಲಿ ಮಡಿಕೆ ಉಳಿದಿರಲಿಲ್ಲ. ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಎಂಟಕ್ಕೆ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಬೇಕು. ಅಪ್ಪ ಕೆಟ್ಟವನಲ್ಲ. ಆದರೆ ಮಗಳು ಒಬ್ಬಳೇ ಬಸ್ಸು ಹತ್ತುವುದನ್ನು ನೆನೆದರೇ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಚೆಂಡುಹೂ ಬಿಡಿಸಲು ಆಳಿಲ್ಲ ಎಂದು ನೆಪ ಹೇಳುತ್ತಿದ್ದ. ಆ ಬೇಸಿಗೆ ಪೂರ್ತಿ ನಾನು ಅವನ ಕಣ್ಣು ತಪ್ಪಿಸಿ ಅಳುತ್ತಿದ್ದೆ. ಮಿಕ್ಕ ಹೊತ್ತಿನಲ್ಲಿ ಹಟ ಹಿಡಿದು ನನ್ನ ಹಳೆಯ ಪುಸ್ತಕಗಳನ್ನೇ ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪನಿಗೆ ಕೇಳಲಿ ಎಂದೇ.

ಆ ವರ್ಷವೂ ಅವ್ವ ಕಜ್ಜಾಯ ಬೇಯಿಸಿದಳು. ಅತ್ತೆ ಬಂದಳು. ಅಜ್ಜಿ ಪಂಚೆ ಹಾಸಿ ನನ್ನ ಲಂಗವನ್ನೂ ತರಲು ಹೇಳಿದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಅದ್ಯಾಕವ್ವ? ನೀನೇ ಯೋಳ್ತಿದ್ದಲ್ಲ, ಮಡಿಕೆ ಇರೋಗಂಟ ಅಂತ. ಮುಗೀತಲ್ಲ."

ಅಜ್ಜಿ ಅವನ ಕಡೆ ನೋಡಲೂ ಇಲ್ಲ. ಲಂಗವನ್ನು ತಲೆಕೆಳಗು ಮಾಡಿ, ಸೊಂಟದ ಪಟ್ಟಿಯನ್ನು ಒಳಮೈಗೆ ತಿರುವಿ, ಕತ್ತರಿಯ ತುದಿಯಿಂದ ಒಂದು ಗಂಟು ಬಿಡಿಸಿದಳು. ಪಟ್ಟಿಯ ಕೆಳಗೆ, ಒಳಗಡೆ, ಅಂಗೈ ಅಗಲದ ಬಟ್ಟೆ ಮಡಿಸಿ ಕೂತಿತ್ತು. ಅಷ್ಟು ವರ್ಷ ನನ್ನ ಸೊಂಟ ಕೆರೆದದ್ದು ಅದೇ. ದಾರದ ತುದಿಯನ್ನು ನನ್ನ ಕೈಗೆ ಕೊಡಲಿಲ್ಲ. ಅಪ್ಪನ ಕಡೆಗೆ ಚಾಚಿ, "ಇದೇನ್ಲಾ ಮತ್ತೆ? ಎಳಿ" ಎಂದಳು.

ಅವನು ಒಂದು ಜಗ್ಗು ಜಗ್ಗಿದ್ದರೆ ಸಾಕಿತ್ತು, ಹಳೆಯ ದಾರ ಪಟ್ಟನೆ ತುಂಡಾಗುತ್ತಿತ್ತು. ಪಾಸು ಇಲ್ಲ ಎಂದು ನಕ್ಕು ಎದ್ದುಹೋಗಬಹುದಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ, ಚೆಂಡುಹೂ ಕಿತ್ತು ಕಿತ್ತು ಕಪ್ಪಾದ ಬೆರಳುಗಳನ್ನು. ಅಪ್ಪ ಕುಕ್ಕರುಗಾಲಿನಲ್ಲಿ ಕೂತ. ದಾರವನ್ನು ಎಳೆಯುತ್ತ, ಸಿಕ್ಕಿಕೊಂಡ ಕಡೆ ಉಗುರಿನಿಂದ ಬಿಡಿಸುತ್ತ, ಮತ್ತೆ ಎಳೆಯುತ್ತ, ಸೊಂಟದ ಸುತ್ತಳತೆ ಪೂರ್ತಿ ಬಂದ. ಮಗುವಿನ ಕಾಲಿನ ಮುಳ್ಳು ತೆಗೆಯುವವನ ಹಾಗೆ ಉಸಿರು ಬಿಗಿಹಿಡಿದಿದ್ದ. ದಾರ ಇಡಿಯಾಗಿ ಬಂತು. ಅದನ್ನು ತಂಗಿಯ ಕೈಗೆ ಕೊಟ್ಟು, "ಆಯ್ತು, ಓಗ್ಲಿ ಬುಡವ್ವ. ಬಸ್ಸಿಗೆ ನಾನೇ ಅತ್ತುಸ್ತೀನಿ" ಎಂದ. ಅತ್ತೆ ಆ ದಾರವನ್ನು ತುಂಡು ಮಾಡದೆ ಇಡಿಯಾಗಿಯೇ ನನ್ನ ಕೈಗೆ ಸುತ್ತಿ ಕಟ್ಟಿದಳು.

ಆ ಲಂಗ ಹಾಕಿಕೊಂಡು ಹೈಸ್ಕೂಲಿಗೆ ಹೋದೆ. ಪೇಟೆಯ ಹುಡುಗಿಯರು ಪಟ್ಟೆ ನೋಡಿ ಕಿಸಕ್ಕೆಂದರು. ನಗಲಿ ಎಂದು ಮುಂದಿನ ಬೆಂಚಿನಲ್ಲೇ ಕೂತೆ. ಅಪ್ಪ ಹೇಳಿದಂತೆ ದಿನವೂ ಬಸ್‌ಸ್ಟಾಪಿಗೆ ಬಂದು, ಬಸ್ಸು ಕಣ್ಣಿಗೆ ಮರೆಯಾಗುವವರೆಗೆ ನಿಲ್ಲುತ್ತಿದ್ದ. ಇವತ್ತು ಬಂಡೀಪುರದ ಅರಣ್ಯ ಕಚೇರಿಯಲ್ಲಿ ಕೆಲಸಕ್ಕೆ ಹೋಗಲು ಅದೇ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತುತ್ತೇನೆ. ಹತ್ತುವಾಗ ಒಮ್ಮೆ ಹಿಂದೆ ತಿರುಗಿ ನೋಡುವ ಅಭ್ಯಾಸ ಹೋಗಿಲ್ಲ. ಅಪ್ಪನೂ ಇಲ್ಲ, ಅಜ್ಜಿಯೂ ಇಲ್ಲ.

ಅಜ್ಜಿ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತ ಕೇಳಿದ್ದೆ, ಸೊಂಟದಲ್ಲಿ ಮಡಿಕೆ ಬಚ್ಚಿಡಬೇಕೆಂದು ಮೊದಲೇ ಹೇಗೆ ಗೊತ್ತಾಯಿತು ಎಂದು. ಅವಳು ಹೆಂಚಿನ ಕಡೆ ನೋಡುತ್ತ ಹೇಳಿದಳು.

"ನಿಮ್ಮತ್ತೆ ಲಂಗುಕ್ಕೆ ಮಡಗಿರ್ಲಿಲ್ಲ ಕಣಮ್ಮಿ. ನಾಕ್ನೇ ಕ್ಲಾಸ್ಗೆ ಮಡಿಕೆ ಮುಗುದೋಯ್ತು."

ಅತ್ತೆ ಪ್ರತಿ ವರ್ಷ ಉಮ್ಮತ್ತೂರಿನಿಂದ ಯಾಕೆ ಬರುತ್ತಿದ್ದಳೆಂದು ನನಗೆ ಅಂದು ತಿಳಿಯಿತು.

ಈಗಿನ ರೆಡಿಮೇಡ್ ಲಂಗದಲ್ಲಿ ಬೆರಳಗಲ ಅಂಚೂ ಇರುವುದಿಲ್ಲ. ಅದಕ್ಕೇ ನಾನು ಬಟ್ಟೆ ತಂದು ಉದ್ದಕ್ಕೆ ಹೊಲಿಸುತ್ತೇನೆ, ಮಡಿಕೆ ನಾನೇ ಹಾಕುತ್ತೇನೆ. ನನ್ನ ಮಗಳ ಓದನ್ನು ತಡೆಯುವವರು ಯಾರೂ ಇಲ್ಲ. ಆದರೆ ನಮ್ಮತ್ತೆಗೂ ಶಾಲೆ ಬಿಡಿಸಿದ ಹಿಂದಿನ ದಿನದವರೆಗೆ ತಡೆಯುವವರು ಯಾರೂ ಇರಲಿಲ್ಲವೇನೋ. ಮೊನ್ನೆ ಮಗಳು ಲಂಗ ಹಾಕಿ ನೋಡಿಕೊಂಡು ಮುಖ ಸಿಂಡರಿಸಿದಳು.

"ಅಮ್ಮ, ಸೊಂಟದ ಹತ್ರ ಏನೋ ದಪ್ಪಗಿದೆ. ಕೆರೀತದೆ."

"ಗಟ್ಟಿಯಾಗಿರ್ಲಿ ಬುಡು ಕಣಮ್ಮಿ" ಎಂದೆ.