ಬೆಚ್ಚನೆಯ ಕೋಣೆ ಬಿಟ್ಟು ಕೃಷ್ಣರಾಜನಗರಕ್ಕೆ

ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಲು ಹೆತ್ತವಳೇ ಹೋಗಬೇಕು. ಆ ವರ್ಷ ನನ್ನ ತಂಗಿ ಜಯಮ್ಮನಿಗೆ ಅದು ಆಗಲಿಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಸಂಸಾರ ಅವಳದು. ಶ್ರಾವಣದಲ್ಲಿ ಸೊಪ್ಪು ಒಣಗಿಸುವ ಗೂಡು, ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದರೆ ಹಗಲೂ ರಾತ್ರಿ ಕಾಯಬೇಕು. "ಅಕ್ಕ, ನೀನೇ ಸರಗೂರಿಗೆ ಹೋಗಿ ಸವಿತನ್ನ ಕರ್ಕೊಂಡು ಬಂದ್ಬುಡು. ದೊಡ್ಡವ್ವ ಅಂದ್ರೂ ತಾಯೇ ಅಲ್ವಾ" ಎಂದು ಹೇಳಿ ಕಳಿಸಿದಳು. ತೊಂಬತ್ತರ ದಶಕದ ಕೊನೆ ಅದು. ನಾನು ಕಜ್ಜಾಯ ಸುಟ್ಟು, ಹಸಿರು ಬಳೆ, ಹೂವು ಕಟ್ಟಿಕೊಂಡು ಕೃಷ್ಣರಾಜನಗರದಲ್ಲಿ ಬೆಳಗಿನ ಬಸ್ಸು ಹತ್ತಿದೆ.

ನಮ್ಮ ಕಡೆ ಗದ್ದೆಯಲ್ಲಿ ನಾಟಿ ನಡೆದಿತ್ತು. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ ಎಚ್.ಡಿ. ಕೋಟೆಗೆ, ಕೋಟೆಯಿಂದ ಇನ್ನೊಂದು ಬಸ್ಸಿನಲ್ಲಿ ಸರಗೂರಿಗೆ. ಸೋನೆ ಮಳೆ, ಕಿಟಕಿಯ ತಗಡು ಕೆಳಗಿಳಿಯದು. ಎಡ ಭುಜ ಪೂರ್ತಿ ನೆನೆದಿತ್ತು. ಕಂಡಕ್ಟರನಿಗೆ ಹೇಳಿದರೆ, "ಆ ಕಡೆ ಸರ್ಕಳಿ ಅಕ್ಕ" ಅಂದ. ಆ ಕಡೆ ಎರಡು ಹತ್ತಿ ಮೂಟೆ ನನಗಿಂತ ಮೊದಲೇ ಕೂತಿದ್ದವು.

ಸರಗೂರಿನ ಬೀಗರು ಮುದ್ದೆ, ಉಪ್ಪೆಸರು, ಸಂಡಿಗೆ ಮಾಡಿ ಬಡಿಸಿದರು. ಬೆಳಿಗ್ಗೆ ಸವಿತಾಳ ಮಡಿಲು ತುಂಬಿ, "ನಮ್ಮ ಮನೆ ಕೂಸನ್ನ ನಿಮ್ಮ ಕೈಗೆ ಕೊಟ್ಟಿದೀವಿ ಕಣ್ರವ್ವ" ಎಂದು ಕಳಿಸಿಕೊಟ್ಟರು. ಹುಡುಗಿಗೆ ಏಳು ತಿಂಗಳು. ಮಾತು ಕಡಿಮೆ, ನಗು ಜಾಸ್ತಿ.

ಹೇಗೂ ಕೋಟೆಯಲ್ಲಿ ಇಳಿಯಬೇಕಿತ್ತು, ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಿದೆವು. ಎಲ್ಲ ಸರಿಯಿದೆ ಎಂದವರು, "ಎಲ್ಲಿ ಹೆರಿಗೆ ಮಾಡಿಸ್ತೀರಿ?" ಎಂದು ಕೇಳಿದರು. ಪಿರಿಯಾಪಟ್ಟಣದ ಕಡೆ ಎಂದ ಕೂಡಲೇ, "ಬ್ಯಾರನ್ ಇರೋ ಮನೆನಾ?" ಎಂದರು. ಹೌದೆಂದೆ.

"ತಾಯಿ ಕುಡಿದ ಹೊಗೆ ಹೊಟ್ಟೇಲಿರೋ ಮಗೂಗೂ ತಟ್ಟುತ್ತಮ್ಮ. ತೂಕ ಕಡಿಮೆಯಾಗಿ ಹುಟ್ಟಬಹುದು. ಕಾಯಿಲೆ ತಡ್ಕೊಳ್ಳೋ ಶಕ್ತಿನೂ ಕುಗ್ಗಬಹುದು. ಎಲ್ಲ ಮಕ್ಕಳಿಗೂ ಹಾಗಾಗುತ್ತೆ ಅಂತಲ್ಲ. ಆದ್ರೆ ದೂರ ಇರೋಕೆ ಆಗೋದಾದ್ರೆ ದೂರ ಇರಿ. ಹುಟ್ಟಿದ ಮೇಲೂ ಅಷ್ಟೇ."

ನನಗೆ ಜಯಿಯ ಮೊಮ್ಮಗ ಮನು ನೆನಪಾದ. ಅವಳ ಸೊಸೆ ಹಿಂದಿನ ವರ್ಷ ತುಂಬು ಬಸುರಿಯಾಗಿದ್ದಾಗಲೂ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟಿದ್ದಳು. ಮನು ಇಷ್ಟೇ ಇಷ್ಟು ಹುಟ್ಟಿದ. ಒಂದು ನೆಗಡಿ ಹೋಗುವಷ್ಟರಲ್ಲಿ ಇನ್ನೊಂದು. ಅವನಿಗೆ ಅಳಲೂ ಉಸಿರು ಸಾಲದು. ನಾವೆಲ್ಲ ದೃಷ್ಟಿ ಎಂದು ನಿವಾಳಿಸಿದ್ದೇ ನಿವಾಳಿಸಿದ್ದು.

ಹುಣಸೂರಿನಲ್ಲಿ ಟೀ ಕುಡಿದು ಪಿರಿಯಾಪಟ್ಟಣದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲ, ಮನೆಗಳ ಪಕ್ಕದಲ್ಲಿ ಎತ್ತರದ ಬ್ಯಾರನ್ನುಗಳು. ಮೋಡ ತಗ್ಗಿದ್ದರಿಂದ ಹೊಗೆ ಮೇಲೇಳದೆ ಊರಿನ ಮೇಲೇ ಮಲಗಿತ್ತು. ಆ ಕಡೆಯವರಿಗೆ ಹೊಗೆ ಕಂಡರೆ ಸಂತೋಷ, ಬೆಳೆ ಕೈಗೆ ಬಂತು ಅಂತ. ನನಗೂ ಅಲ್ಲಿಯವರೆಗೆ ಹಾಗೇ ಇತ್ತು. ಸವಿತಾ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದಳು.

ಜಯಿ ಆರತಿ ಎತ್ತಿ ಒಳಗೆ ಕರೆದಳು. ಕೈಕಾಲು ತೊಳೆಯಲೂ ಬಿಡದೆ ಬಾಣಂತಿ ಕೋಣೆ ತೋರಿಸಲು ಎಳೆದುಕೊಂಡು ಹೋದಳು. ಸುಣ್ಣ ಬಳಿದು, ಹೊಸ ಕಂಬಳಿ ಹಾಸಿದ್ದಳು. "ಗೋಡೆ ಮುಟ್ಟಿ ನೋಡಕ್ಕ." ಮುಟ್ಟಿದೆ. ಬೆಚ್ಚಗಿತ್ತು. ಅದರ ಆಚೆಗೇ ಬ್ಯಾರನ್ನು. "ಕೆಂಡ ಇಡೋ ತಾಪತ್ರಯನೇ ಇಲ್ಲ. ಬಾಣಂತಿಗೆ ಥಂಡಿ ಅನ್ನೋದೇ ಸುಳೀಬಾರ್ದು. ಮನುನ ತೊಟ್ಟಿಲೂ ಇಲ್ಲೇ ಕಟ್ಟಿರೋದು." ಅಷ್ಟು ಪ್ರೀತಿಯಿಂದ ಅಣಿ ಮಾಡಿದ್ದಳು. ಗೋಡೆಯ ಬಿರುಕಿನಿಂದ ಹೊಗೆ ಸಣ್ಣಗೆ ಒಳಗೆ ಬರುತ್ತಿತ್ತು. ತೊಟ್ಟಿಲಿನಲ್ಲಿ ಮನು ಗೊರಗೊರ ಉಸಿರಾಡುತ್ತ ಮಲಗಿದ್ದ.

ಆ ರಾತ್ರಿ ಸವಿತಾಳನ್ನು ನನ್ನ ಜೊತೆ ಬೀದಿ ಕಡೆಯ ಜಗಲಿಯಲ್ಲಿ ಮಲಗಿಸಿಕೊಂಡೆ. ಬೆಳಿಗ್ಗೆ ಜಯಿಗೆ ಹೇಳಿದೆ: ಇವಳ ಹೆರಿಗೆ ನಮ್ಮ ಮನೆಯಲ್ಲಿ.

"ಹೆತ್ತೋಳು ಬದುಕಿದ್ದೂ ದೊಡ್ಡವ್ವನ ಮನೇಲಿ ಹೆರಿಗೆನಾ? ಊರೋರು ಏನಂದಾರು?"

"ಊರೋರು ಬಂದು ಮಗೂಗೆ ಉಸಿರು ಕೊಡ್ತಾರೇನೇ?" ನನಗೂ ಸಿಟ್ಟು ಬಂತು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

ಅವಳು ಸೆರಗು ಕಚ್ಚಿಕೊಂಡು ಅತ್ತಳು. ಸವಿತಾ ಮೆಲ್ಲಗೆ, "ಅವ್ವ, ನೀನೂ ಬಾ" ಎಂದಳು.

"ಬ್ಯಾರನ್ ತುಂಬೈತೆ, ಎಂಗೆ ಬರ್ಲವ್ವ?"

ಜಯಿಯ ಗಂಡ ಶಿವಣ್ಣ ಅಲ್ಲಿಯವರೆಗೆ ಬ್ಯಾರನ್ನಿನ ಒಲೆಯ ಬಾಯಿಗೆ ಸೌದೆ ನೂಕುತ್ತಿದ್ದ. ಈಗ ಎದ್ದು ಬಂದ. "ಓಗು ನೀನು. ಬೆಂಕಿ ನಾನ್ ನೋಡ್ಕತೀನಿ. ಸೊಪ್ಪು ಕೆಟ್ರೆ ಬರೋ ವರ್ಷ ಬೆಳೀಬೋದು. ಮನುನ ಎದೆ ಮ್ಯಾಲೆ ಹಾಕ್ಕಂಡು ಆಸ್ಪತ್ರೆಗೆ ಓಡಿದ್ದು ನಾನು ಕಣೇ." ಮತ್ತೆ ಒಲೆಯ ಹತ್ತಿರ ಹೋದ.

ಮೂವರೂ ಬಸ್ಸು ಹತ್ತಿದೆವು. ಹುಣಸೂರಿನವರೆಗೂ ಜಯಿ ನನ್ನ ಕಡೆ ತಿರುಗಲಿಲ್ಲ. ದಾರಿಯಲ್ಲಿ ನಾನು ಬುದ್ಧಿ ಹೇಳಿದ್ದೇ ಹೇಳಿದ್ದು: ನಿನ್ನ ತಲೆಕೂದಲೆಲ್ಲ ಹೊಗೆ ವಾಸನೆ, ಹೋದ ಕೂಡಲೇ ಸ್ನಾನ ಮಾಡು, ಆಮೇಲೆ ಮಗಳ ಪಕ್ಕ ಕೂರು. ಅವಳು ಕಿಟಕಿ ನೋಡುತ್ತ ಹೂಂಗುಟ್ಟಿದಳು.

ಸಂಜೆಗೆ ನಮ್ಮ ಮನೆ ಮುಟ್ಟಿದರೆ, ಯಜಮಾನರು ಪಾಪ, ದಣಿದು ಬರುತ್ತಾರೆಂದು ನೀರು ಕಾಯಿಸಲು ಹಸಿ ಸೌದೆ ಹಚ್ಚಿಬಿಟ್ಟಿದ್ದಾರೆ. ಅಡುಗೆಮನೆಯಿಂದ ನಡುಮನೆಯವರೆಗೆ ಹೊಗೆಯೋ ಹೊಗೆ. ಜಯಿ ಬಾಗಿಲಲ್ಲೇ ಕೈ ಅಡ್ಡ ಹಿಡಿದು ಮಗಳನ್ನು ನಿಲ್ಲಿಸಿದಳು.

"ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಬ್ಯಾರನ್ ನಮ್ಮೂರಲ್ಲಿ ಮಾತ್ರ ಐತೆ ಅಂದ್ಕಂಡಿದ್ದೆ ಕಣಕ್ಕ."

ಮೊದಲು ನಕ್ಕವಳು ಸವಿತಾ. ಆಮೇಲೆ ನಾವಿಬ್ಬರೂ ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮರುದಿನ ಜಯಿಯೇ ಮಣ್ಣು ಕಲಸಿ ಹಿತ್ತಲಿನ ಚಪ್ಪರದ ಕೆಳಗೆ ಒಲೆ ಹಾಕಿದಳು. ಮಳೆ ಬಂದ ದಿನ ಕೊಡೆ ಹಿಡಿದು ಸಾರು ಕುದಿಸಿದ್ದೂ ಉಂಟು.

ದೀಪಾವಳಿಗೆ ಮುಂಚೆ ಕೃಷ್ಣರಾಜನಗರದ ಆಸ್ಪತ್ರೆಯಲ್ಲಿ ಒಳ್ಳೆ ತೂಕದ ಹೆಣ್ಣು ಮಗು ಹುಟ್ಟಿತು. ಬೇರೆಲ್ಲಿ ಹುಟ್ಟಿದ್ದರೆ ಹೇಗಿರುತ್ತಿತ್ತೋ ನನಗೆ ಗೊತ್ತಿಲ್ಲ. ಬಾಣಂತಿ ಕೋಣೆಗೆ ಲೋಬಾನದ ಹೊಗೆ ಹಾಕಲು ಬಂದ ಪಕ್ಕದ ಮನೆಯ ಅಜ್ಜಿಯನ್ನು ಜಯಿಯೇ ಬಾಗಿಲಿನಿಂದ ಕೈಮುಗಿದು ಕಳಿಸಿದಳು.

ಬ್ಯಾರನ್ನಿನ ಕೆಲಸ ಮುಗಿಸಿಕೊಂಡು ಶಿವಣ್ಣ ಮೊಮ್ಮಗಳನ್ನು ನೋಡಲು ಬಂದ. "ಆ ಬೆಚ್ಚನೆ ಗೋಡೆ ಕೋಣೇಲಿ ಈಗ ಸೊಪ್ಪು ಕಟ್ಟೋ ಕಡ್ಡಿ ಇಟ್ಟಿದೀನಿ. ಮನುನ ತೊಟ್ಟಿಲು ಬೀದಿ ಕಡೆಗೆ ಕಟ್ದೆ, ರಾತ್ರಿ ಈಗ ಮಲಗ್ತಾನೆ" ಎಂದ. ಜಯಿ ಮಗುವನ್ನು ಕೊಡಲು ಹೋದರೆ ಕೈ ಚಾಚಲಿಲ್ಲ. ತನ್ನ ಅಂಗಿಯನ್ನು ಮೂಸಿ ನೋಡಿಕೊಂಡ. "ಅಕ್ಕ, ನೀರು ಎಲ್ಲೈತೆ?" ಎಂದು ಕೇಳಿ ಹಿತ್ತಲಿಗೆ ಹೋಗಿ, ತಲೆಗೆ ಸ್ನಾನ ಮಾಡಿ, ನಮ್ಮ ಯಜಮಾನರ ಒಗೆದ ಪಂಚೆ ಉಟ್ಟು ಬಂದು ಕೈ ಒಡ್ಡಿದ. ಆ ತಣ್ಣನೆಯ ಕೈ ತಾಗಿದ್ದೇ ತಡ, ಮಗು ಬೀದಿಯ ಕೊನೆಯ ಮನೆಗೆ ಕೇಳುವ ಹಾಗೆ ಅತ್ತಿತು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಉಸಿರು ತುಂಬಿದ ಆ ಅಳುವನ್ನು ಎಲ್ಲರೂ ನಿಂತು ಕೇಳಿದೆವು.