ಮೊದಲು ಮಾತ್ರೆ, ಆಮೇಲೆ ಪಾಲಿಸಿ

ಬೆಳಗಿನ ಆರು ಗಂಟೆ. ಏಳಂತಸ್ತಿನ ಕಟ್ಟಡದ ಲಿಫ್ಟಿಗೆ ಎಂಟರ ತನಕ ಬೀಗ. ವೀಸಾ ಕಚೇರಿ ಮೂರನೇ ಮಹಡಿಯಲ್ಲಿದೆ. ಬೇಗ ಬಂದವರು ಮೆಟ್ಟಿಲು ಹತ್ತಲೇಬೇಕು. ಎರಡನೇ ಮಹಡಿಯ ತಿರುವಿನಲ್ಲಿ, ಕಿಟಕಿಯ ಕೆಳಗೆ ಮಡಚುವ ಮೇಜು ಹಾಕಿಕೊಂಡ ಹೆಂಗಸೊಬ್ಬರು ಫಾರಂಗಳನ್ನು ಜೋಡಿಸುತ್ತಾ, ತಲೆಯೆತ್ತದೆ ಹತ್ತುವವರ ಉಸಿರು ಕೇಳಿಸಿಕೊಳ್ಳುತ್ತಿದ್ದಾರೆ. ಯಾರು ಒಂದೇ ಓಟಕ್ಕೆ ಬಂದರು, ಯಾರು ಕಂಬಿ ಹಿಡಿದು ಬಂದರು ಎಂಬುದು ಅವರಿಗೆ ಮುಖ ನೋಡುವ ಮುಂಚೆಯೇ ಗೊತ್ತಾಗುತ್ತದೆ.

ಮೇಜಿನ ಮೇಲೆ ನಾಲ್ಕು ಪೆನ್ನು, ಒಂದು ಸ್ಟೇಪ್ಲರ್, ಹಿಡಿ ಮುರಿದ ಭೂತಗನ್ನಡಿ. ಇವುಗಳ ನಡುವೆ, ಯಾವುದಕ್ಕೂ ಸಂಬಂಧವಿಲ್ಲದಂತೆ, ನೀಲಿ ಅಂಚಿನ ಒಂದು ಬಿಳಿ ತಟ್ಟೆ. ತಟ್ಟೆ ಖಾಲಿ. ಹೊಸಬರು ಕೆಲವರು ಅದರೊಳಗೆ ನಾಣ್ಯ ಹಾಕುವುದೂ ಉಂಟು. "ಎತ್ಕೊಳ್ಳಿ, ಎತ್ಕೊಳ್ಳಿ. ಅದು ಮಾತ್ರೆಗೆ ಇಟ್ಟಿರೋದು" ಎಂದು ಆಕೆ ನಗುತ್ತಾರೆ. ಕಟ್ಟಡದವರ ಬಾಯಲ್ಲಿ ಆಕೆ ತಟ್ಟೆಯಮ್ಮ. ವಿದೇಶಕ್ಕೆ ಹೊರಟವರ ವೀಸಾ ಫಾರಂ ಮತ್ತು ಪ್ರಯಾಣ ವಿಮೆಯ ಅರ್ಜಿ ತುಂಬಿಕೊಡುವುದು ಅವರ ಕೆಲಸ. ವಿಮೆ ಮಾರುವವರು ಬೇರೆ, ಎದುರಿನ ಕೊಠಡಿಯಲ್ಲಿದ್ದಾರೆ. ಇವರು ಬರೆದುಕೊಡುವವರು ಮಾತ್ರ.

ಇವತ್ತಿನ ಮೊದಲ ಗಿರಾಕಿಗಳು ಇಬ್ಬರು ಓರಗಿತ್ತಿಯರು. ಅರವತ್ತನಾಲ್ಕರ ದೊಡ್ಡಾಕೆ, ಐವತ್ತೇಳರ ಚಿಕ್ಕಾಕೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು, ಇಪ್ಪತ್ತೆಂಟು ವರ್ಷ ಒಂದೇ ಇಸ್ತ್ರಿ ಅಂಗಡಿ ನಡೆಸಿದವರು. ಚಿಕ್ಕಾಕೆ ಮೆಟ್ಟಿಲು ಹತ್ತಿ ಬಂದು ಫೈಲನ್ನು ಮೇಜಿನ ಮೇಲೆ ಇಟ್ಟಾಗಿದೆ. ದೊಡ್ಡಾಕೆ ಇನ್ನೂ ಕೆಳಗಿನ ತಿರುವಿನಲ್ಲಿ ನಿಂತು ಮೊಬೈಲು ನೋಡುತ್ತಿದ್ದಾರೆ.

"ಬಾರಕ್ಕಾ! ಯಾರು ನಿಂಗೆ ಈ ಹೊತ್ತಲ್ಲಿ ಮೆಸೇಜು ಕಳಿಸೋರು?" ಎಂದು ಚಿಕ್ಕಾಕೆ ಕೂಗುತ್ತಾರೆ. ಮತ್ತೆ ತಟ್ಟೆಯಮ್ಮನ ಕಡೆ ತಿರುಗಿ, "ಒಂದು ವರ್ಷದಿಂದ ಫೋನಿನ ಹುಚ್ಚು ಹಿಡಿದಿದೆ ನೋಡಿ. ನಾಲ್ಕು ಮೆಟ್ಟಿಲು ಹತ್ತಿದ್ರೆ ಒಂದ್ಸಲ ಫೋನು" ಎನ್ನುತ್ತಾರೆ.

ತಟ್ಟೆಯಮ್ಮ ಕಂಬಿಯಿಂದ ಬಗ್ಗಿ ನೋಡುತ್ತಾರೆ. ದೊಡ್ಡಾಕೆಯ ಕೈಯಲ್ಲಿರುವ ಮೊಬೈಲಿನ ಪರದೆಯಲ್ಲಿ ಬೆಳಕಿಲ್ಲ.

ಇಬ್ಬರೂ ಹೊರಟಿರುವುದು ಹಿಮ ಬೀಳುವ ದೇಶಕ್ಕೆ, ಹನ್ನೆರಡು ದಿನದ ಪ್ರವಾಸ. ಆರು ವರ್ಷದ ಕನಸು. "ಇಷ್ಟು ವರ್ಷ ಇಸ್ತ್ರಿ ಪೆಟ್ಟಿಗೆ ಮುಂದೆ ಬೆಂದಿದ್ದೀವಲ್ಲ, ಒಂದ್ಸಲ ಹಿಮದ ಮೇಲೆ ಕೂತು ಎದ್ದು ಬರ್ತೀವಿ" ಎಂದು ಚಿಕ್ಕಾಕೆ ಕಾರಣ ಹೇಳುತ್ತಾರೆ. "ಎದ್ದು ಬರೋಕೆ ನಿನ್ನ ಮಂಡಿ ಒಪ್ಪಬೇಕಲ್ಲ" ಎಂದು ದೊಡ್ಡಾಕೆ ಕುರ್ಚಿಯಲ್ಲಿ ಕೂರುತ್ತಲೇ ಚುಚ್ಚುತ್ತಾರೆ. ವಿಮಾನಕ್ಕೆ ಇನ್ನು ಮೂರು ವಾರವಿದೆ. ವೀಸಾ ಕಚೇರಿಯ ಸರದಿ ಇವತ್ತು ಒಂಬತ್ತಕ್ಕೆ. ಇದು ತಪ್ಪಿದರೆ ಮುಂದಿನ ಸರದಿ ತಿಂಗಳ ಮೇಲೆ. ವಿಮೆಯ ಪತ್ರವಿಲ್ಲದೆ ಒಳಗೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

"ಕಾಯಿಲೆ ಕಸಾಲೆ ಏನೂ ಇಲ್ಲ, ಬೇಗ ಬರೆದುಬಿಡಿ" ಎಂದು ದೊಡ್ಡಾಕೆ ಅವಸರಪಡಿಸುತ್ತಾರೆ.

"ಬರೀತೀನಿ. ಮೊದಲು ಇಬ್ಬರೂ ನಿಮ್ಮ ಮಾತ್ರೆ ಚೀಲ ಈ ತಟ್ಟೆಗೆ ಸುರೀರಿ" ಎಂದು ತಟ್ಟೆಯಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾರೆ.

ಈ ತಟ್ಟೆ ಮೇಜಿಗೆ ಬಂದು ಹನ್ನೊಂದು ವರ್ಷ. ಅದಕ್ಕೂ ಮೊದಲು ತಟ್ಟೆಯಮ್ಮ ಹದಿನಾಲ್ಕು ವರ್ಷ ಔಷಧದಂಗಡಿಯೊಂದರ ಗಲ್ಲಾದ ಹಿಂದೆ ನಿಂತು ಡಾಕ್ಟರ ಚೀಟಿ ಓದಿದವರು. ಅಂಗಡಿಯ ಯಜಮಾನರಿಗೆ ವಯಸ್ಸಾಗಿ ಬಾಗಿಲು ಹಾಕಿದಾಗ, ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನ ಕಣ್ಣೂ ಮಂದವಾಗಿತ್ತು. ಕೈಬರಹ ದುಂಡಗಿದೆ ಎಂಬ ಒಂದೇ ಧೈರ್ಯದ ಮೇಲೆ ಇಲ್ಲಿಗೆ ಬಂದು ಕೂತರು.

ಬಂದ ಹೊಸದರಲ್ಲಿ ದರ್ಜಿಯೊಬ್ಬರ ಅರ್ಜಿ ತುಂಬಿದ್ದರು. ವಿಮೆಯ ಫಾರಂನಲ್ಲಿ ಒಂಬತ್ತನೇ ಪ್ರಶ್ನೆ: ಈ ಮೊದಲೇ ಇರುವ ಕಾಯಿಲೆಗಳು? "ನಿಮಗೆ ಕಾಯಿಲೆ ಇದೆಯಾ?" ಎಂದು ಇವರು ಕೇಳಿದರು. "ಗುಂಡುಕಲ್ಲಿನ ಹಾಗಿದ್ದೀನಿ" ಎಂದು ದರ್ಜಿ ಎದೆ ತಟ್ಟಿಕೊಂಡರು. ಇವರು "ಇಲ್ಲ" ಎಂದು ಬರೆದರು. ಪರದೇಶದಲ್ಲಿ ಆತನ ಕಾಲಿನ ಗಾಯ ಕೀವಾಗಿ ಆಸ್ಪತ್ರೆ ಸೇರಬೇಕಾಯಿತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದದ್ದು ಅಲ್ಲಿ ಹೊರಬಿತ್ತು. ಕಾಯಿಲೆ ಮುಚ್ಚಿಟ್ಟಿದ್ದಾರೆಂದು ವಿಮೆಯವರು ಕೈಯೆತ್ತಿದರು. ಮನುಷ್ಯ ಬದುಕಿ ಬಂದರು. ಆಸ್ಪತ್ರೆಯ ಬಿಲ್ಲಿಗೆ ಹೊಲಿಗೆ ಅಂಗಡಿ ಹೋಯಿತು.

ಒಂದು ದಿನ ದರ್ಜಿಯ ಹೆಂಡತಿ ಆ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೈಯುತ್ತಾರೆಂದು ಇವರು ಎದ್ದು ನಿಂತರು. ಆಕೆ ಬೈಯಲಿಲ್ಲ. ಒಂಬತ್ತನೇ ಪ್ರಶ್ನೆಯಲ್ಲಿ ಏನಿದೆ, ಓದಿ ಹೇಳಿ ಎಂದರು. ಓದಿದ್ದು ಕೇಳಿ, "ನಮಗೆ ಕಾಯಿಲೆ ಅಂದ್ರೆ ಹಾಸಿಗೆ ಹಿಡಿಯೋದು. ಬೆಳಗ್ಗೆ ಯಾವ ಮಾತ್ರೆ ತಗೋತೀರಿ ಅಂತ ಕೇಳಿದ್ರೆ ಹೇಳ್ತಿದ್ವಲ್ಲಮ್ಮ" ಎಂದರು. ಇವರು ಲೋಟದಲ್ಲಿ ಕೊಟ್ಟ ನೀರು ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

"ಆ ಲೋಟ ತೊಳೆದದ್ದು ನನಗೆ ಬೈಗುಳಕ್ಕಿಂತ ಜಾಸ್ತಿ ತಾಗ್ತು" ಎನ್ನುತ್ತಾರೆ ತಟ್ಟೆಯಮ್ಮ. ಮಾರನೇ ದಿನ ಮನೆಯಿಂದ ಅತ್ತೆಯ ತಟ್ಟೆ ಎತ್ತಿಕೊಂಡು ಬಂದರು. ಎಂಬತ್ತಾರರ ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ. "ನನ್ನ ಸೊಸೆ ಕಂಡೋರ ಮಾತ್ರೆಯೆಲ್ಲ ಎಣಿಸ್ತಾಳೆ, ನನ್ನದು ನಾನೇ ಹುಡುಕ್ಕೋಬೇಕು. ತಟ್ಟೆನೂ ಹೋಯ್ತು" ಎಂದು ಬಂದವರಿಗೆಲ್ಲ ದೂರು ಹೇಳುತ್ತಾರೆ.

ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಜನ ಬರುತ್ತಾರೆ. ತಟ್ಟೆಯಮ್ಮನ ಲೆಕ್ಕದಲ್ಲಿ ಹತ್ತು ಜನರಲ್ಲಿ ಆರು ಜನ ಏನೂ ಇಲ್ಲ ಎನ್ನುತ್ತಾರೆ. ಆ ಆರರಲ್ಲಿ ನಾಲ್ವರ ಚೀಲದಿಂದ ತಟ್ಟೆಗೆ ಏನಾದರೊಂದು ಬೀಳುತ್ತದೆ. ರಕ್ತದೊತ್ತಡದ ಮಾತ್ರೆಯನ್ನು "ಅದು ಅಭ್ಯಾಸಕ್ಕೆ" ಎನ್ನುವವರಿದ್ದಾರೆ. ಥೈರಾಯ್ಡ್ ಮಾತ್ರೆಯನ್ನು ಸೊಸೆಯ ಮುಂದೆ ಮುಷ್ಟಿಯಲ್ಲಿ ಮುಚ್ಚಿಡುವ ಅತ್ತೆಯರಿದ್ದಾರೆ. ಎಲ್ಲ ಸುರಿದ ಮೇಲೆಯೇ ತಟ್ಟೆಯಮ್ಮ ಪಾಲಿಸಿಯ ಪುಸ್ತಿಕೆ ಬಿಚ್ಚುವುದು, ಅದೂ ಹಿಂದಿನಿಂದ.

"ಮೊದಲನೇ ಪುಟದಲ್ಲಿ ಏನೇನು ಕೊಡ್ತೀವಿ ಅಂತ ದಪ್ಪಕ್ಷರದಲ್ಲಿ ಇರುತ್ತೆ. ಏನೇನು ಕೊಡಲ್ಲ ಅನ್ನೋದು ಕೊನೇಲಿ, ಇರುವೆ ಸಾಲಿನ ಹಾಗೆ. ಜನ ಸೂಟ್‌ಕೇಸ್ ಕಳೆದ್ರೆ ಎಷ್ಟು ಅಂತ ಕೇಳ್ತಾರೆ. ಸೂಟ್‌ಕೇಸ್ ಹೋದ್ರೆ ಬಟ್ಟೆ ಹೋಯ್ತು. ಆಸ್ಪತ್ರೆಗೆ ಎಷ್ಟು ಕೊಡ್ತಾರೆ, ಯಾವುದಕ್ಕೆ ಕೊಡಲ್ಲ, ಅದು ಕೇಳಿ ಅಂತೀನಿ. ಹಳೇ ಕಾಯಿಲೆ ಅಂದ್ರೆ ಕೆಲವು ಪಾಲಿಸಿ ಕೈ ತೊಳ್ಕೊಳ್ಳುತ್ತೆ. ಕೆಲವು, ಜೀವಕ್ಕೆ ಕುತ್ತು ಬಂದ್ರೆ ಮಾತ್ರ ಇಷ್ಟು ಕೊಡ್ತೀವಿ ಅನ್ನುತ್ತೆ. ಅದಕ್ಕೇ ಮೊದಲು ಮಾತ್ರೆ, ಆಮೇಲೆ ಪಾಲಿಸಿ."

ಚಿಕ್ಕಾಕೆಯ ಚೀಲದಿಂದ ಮಂಡಿನೋವಿನ ಮಾತ್ರೆಯ ಒಂದು ಪಟ್ಟಿ ಬೀಳುತ್ತದೆ. ದೊಡ್ಡಾಕೆಯ ಚೀಲದಿಂದ ಅಸಿಡಿಟಿಗೆ ಒಂದು, ಕ್ಯಾಲ್ಸಿಯಂ ಒಂದು, ಜೊತೆಗೆ ಕಾಗದದಲ್ಲಿ ಸುತ್ತಿದ ಎರಡು ಬಗೆಯ ಪುಟ್ಟ ಮಾತ್ರೆಗಳು. ಅವುಗಳ ಪಟ್ಟಿಯಿಲ್ಲ, ಹೆಸರಿಲ್ಲ. "ಅವು ವಿಟಮಿನ್ನು" ಎಂದು ದೊಡ್ಡಾಕೆ ಬೇಗ ಹೇಳಿಬಿಡುತ್ತಾರೆ. ಆದರೆ ಕಾಗದ ಬಿಚ್ಚಿದ ತಟ್ಟೆಯಮ್ಮನ ಬೆರಳು ಅಲ್ಲೇ ನಿಂತಿದೆ. ಅಂಥ ಮಾತ್ರೆಗಳನ್ನು ಹದಿನಾಲ್ಕು ವರ್ಷ ಕತ್ತರಿಸಿ ಕೊಟ್ಟ ಬೆರಳು ಅದು.

ಫೈಲಿನಲ್ಲಿ ಪಾಸ್‌ಪೋರ್ಟಿನ ಎರಡು ಜೊತೆ ನಕಲುಗಳಿವೆ. ಅಷ್ಟು ಸಾಕು. ಆದರೂ ತಟ್ಟೆಯಮ್ಮ ಚಿಕ್ಕಾಕೆಯ ಕಡೆ ನೋಡಿ, "ಇನ್ನೊಂದು ಜೊತೆ ಬೇಕಾಗುತ್ತೆ. ಕೆಳಗೆ ಜೆರಾಕ್ಸ್ ಅಂಗಡಿ ತೆಗೆದಿದ್ದಾನೆ, ತಂದುಬಿಡಿ" ಎನ್ನುತ್ತಾರೆ. ಚಿಕ್ಕಾಕೆ ಗೊಣಗುತ್ತಾ ಇಳಿಯುತ್ತಾರೆ.

"ಇದು ರಕ್ತ ತೆಳುವಾಗೋಕೆ. ಇದು ಎದೆಗೆ" ಎಂದು ತಟ್ಟೆಯಮ್ಮ ಮೆಲ್ಲಗೆ ಹೇಳುತ್ತಾರೆ. "ಯಾವಾಗಿನಿಂದ?"

ದೊಡ್ಡಾಕೆ ಕಿಟಕಿಯ ಆಚೆ ನೋಡುತ್ತಾರೆ. "ಒಂದು ವರ್ಷ ಆಯ್ತು. ಅವಳಿಗೆ ಹೇಳ್ಬೇಡಿ. ಗೊತ್ತಾದ್ರೆ ಟೂರು ಬೇಡ ಅಂತಾಳೆ. ನನ್ನಿಂದ ಅವಳ ಹಿಮ ಯಾಕೆ ಕರಗಬೇಕು?"

"ಫಾರಂಗೆ ಹೇಳಲೇಬೇಕು. ಸುಳ್ಳು ಬರೆಯೋಕೆ ನನಗೆ ಕೈ ಬರಲ್ಲ. ಅವರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಆದ್ರೆ ಒಂದು ಮಾತು. ಅಲ್ಲಿ ನಿಮಗೇನಾದ್ರೂ ಆದ್ರೆ ಡಾಕ್ಟರು ನಿಮ್ಮನ್ನ ಕೇಳಲ್ಲ, ಪಕ್ಕದಲ್ಲಿ ನಿಂತಿರೋರನ್ನ ಕೇಳ್ತಾರೆ. ಆಗ ಅವರು 'ಬರೀ ವಿಟಮಿನ್' ಅಂತಾರೆ."

ಮೆಟ್ಟಿಲ ಮೇಲೆ ಚಿಕ್ಕಾಕೆಯ ಚಪ್ಪಲಿ ಸದ್ದು ಹತ್ತಿರವಾಗುತ್ತದೆ. ತಟ್ಟೆಯಮ್ಮ ಮಾತ್ರೆಯ ಕಾಗದವನ್ನು ಮತ್ತೆ ಮಡಚಿ ದೊಡ್ಡಾಕೆಯ ಕೈಗೆ ಕೊಟ್ಟು ಪೆನ್ನಿನ ಮುಚ್ಚಳ ತೆಗೆಯುವುದರಲ್ಲಿ ಮಗ್ನರಾಗುತ್ತಾರೆ. ಚಿಕ್ಕಾಕೆ ನಕಲುಗಳನ್ನು ಮೇಜಿನ ಮೇಲೆ ಇಡುವಾಗ ದೊಡ್ಡಾಕೆ ಮುಷ್ಟಿ ಬಿಚ್ಚಿ, ಕಾಗದದೊಳಗಿನದನ್ನು ತಟ್ಟೆಗೆ ಸುರಿಯುತ್ತಾರೆ. ಬಿಳಿ ತಟ್ಟೆಯ ಮೇಲೆ ಪುಟ್ಟ ಮಾತ್ರೆಗಳು ಟಣಟಣ ಉರುಳುತ್ತವೆ.

"ಇವು ಎದೆ ಮಾತ್ರೆ ಕಣೇ."

ಚಿಕ್ಕಾಕೆ ಮಾತ್ರೆಗಳನ್ನೂ ದೊಡ್ಡಾಕೆಯ ಮುಖವನ್ನೂ ನೋಡುತ್ತಾರೆ. ಆಮೇಲೆ ಅವರ ಕಣ್ಣು, ಯಾರೂ ನಿರೀಕ್ಷಿಸದ ಕಡೆಗೆ, ಕೆಳಗಿನ ಮೆಟ್ಟಿಲಿನ ತಿರುವಿಗೆ ಹೋಗುತ್ತದೆ. "ಅಂದ್ರೆ ಆ ಫೋನು..."

"ಉಸಿರು ಕಟ್ಟುತ್ತಲ್ಲ. ನಿಂತ್ರೆ ನೀನು ಕೇಳ್ತೀಯ. ಫೋನ್ ಹಿಡಿದ್ರೆ ಬರೀ ಬೈತೀಯ."

"ಒಂದು ವರ್ಷ ನಿನ್ನ ಬೈದೆನಲ್ಲೇ! ಬಾಯಿಗೆ ಬೀಗ ಹಾಕ್ಕೊಂಡು ಬೈಸ್ಕೊಂಡ್ಯಲ್ಲ, ದೊಡ್ಡ ತ್ಯಾಗಮಯಿ!" ಚಿಕ್ಕಾಕೆಯ ದನಿ ಮೂರನೇ ಮಹಡಿಗೂ ಕೇಳಿಸುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆಯಮ್ಮನನ್ನು ಕೇಳುತ್ತಾರೆ: "ಇದನ್ನ ಬರೆದ್ರೆ ಇವಳನ್ನ ಹೋಗೋಕೆ ಬಿಡ್ತಾರಾ, ಇಲ್ವಾ?"

"ಅದನ್ನ ನಿಮ್ಮ ಡಾಕ್ಟರು ಹೇಳಬೇಕು. ಹೋಗಬಹುದು ಅಂದ್ರೆ ಚೀಟಿ ಬರೆಸ್ಕೊಂಡು ಬನ್ನಿ. ಪಾಲಿಸಿ ಸ್ವಲ್ಪ ತುಟ್ಟಿ ಆಗುತ್ತೆ. ಬೇಡ ಅಂದ್ರೆ ಹಿಮ ಎಲ್ಲೂ ಓಡಿ ಹೋಗಲ್ಲ."

ಒಂಬತ್ತರ ಸರದಿ ಕೈತಪ್ಪುವುದು ಖಚಿತ. ತಟ್ಟೆಯಮ್ಮ ತಾವೇ ಮೇಲೆ ಹೋಗಿ ಬಾಗಿಲ ಕಾವಲಿನವರ ಹತ್ತಿರ ಮಾತಾಡುತ್ತಾರೆ. ಮಧ್ಯಾಹ್ನ ಮೂರರ ಸರದಿಯವರು ಯಾರಾದರೂ ಬಾರದಿದ್ದರೆ ಇವರನ್ನು ಒಳಗೆ ಬಿಡಲು ಕೇಳುತ್ತೇನೆ ಎನ್ನುತ್ತಾರೆ ಕಾವಲಿನವರು. "ಮಾತು ಕೊಡಲ್ಲ, ನೋಡೋಣ." ಅಷ್ಟನ್ನೇ ಹಿಡಿದುಕೊಂಡು ಓರಗಿತ್ತಿಯರು ಇಳಿಯುತ್ತಾರೆ. ಈ ಸಲ ತಿರುವಿನಲ್ಲಿ ನಿಲ್ಲುವವರು ಇಬ್ಬರು. ಯಾರ ಕೈಯಲ್ಲೂ ಫೋನಿಲ್ಲ.

ಎರಡೂವರೆಗೆ ಅವರು ಡಾಕ್ಟರ ಚೀಟಿಯೊಂದಿಗೆ ಹಿಂತಿರುಗುವ ಹೊತ್ತಿಗೆ ತಟ್ಟೆಯಮ್ಮ ಹದಿನೇಳು ಅರ್ಜಿ ಮುಗಿಸಿದ್ದಾರೆ. ಪ್ರಯಾಣ ಮಾಡಬಹುದು, ಭಾರ ಎತ್ತಬಾರದು, ಮಾತ್ರೆ ತಪ್ಪಿಸಬಾರದು ಎಂದು ಚೀಟಿಯಲ್ಲಿದೆ. ಚೀಟಿಯೊಂದಿಗೆ ತಾಳೆ ನೋಡಲು ದೊಡ್ಡಾಕೆಯ ಮಾತ್ರೆಗಳು ಮತ್ತೆ ತಟ್ಟೆಗೆ ಬೀಳುತ್ತವೆ. ಎದುರಿನ ಕೊಠಡಿಯಿಂದ ತಂದ ಎರಡು ಪಾಲಿಸಿಗಳಲ್ಲಿ ಅಗ್ಗದ್ದನ್ನು ತಟ್ಟೆಯಮ್ಮ ಪಕ್ಕಕ್ಕಿಡುತ್ತಾರೆ. ಅದರ ಕೊನೇ ಪುಟದಲ್ಲಿ ಹಳೆಯ ಕಾಯಿಲೆಗೆ ಏನೂ ಇಲ್ಲ. ಇನ್ನೊಂದರಲ್ಲಿ ಜೀವಕ್ಕೆ ಅಪಾಯವಾದಾಗಿನ ಖರ್ಚಿಗೆ ಒಂದು ಮಿತಿಯಿದೆ. ಎಷ್ಟೆಂದು ಭೂತಗನ್ನಡಿ ಹಿಡಿದು ಇಬ್ಬರಿಗೂ ಓದಿಸುತ್ತಾರೆ. ಹನ್ನೆರಡು ದಿನದ ಪ್ರವಾಸಕ್ಕೆ ಹದಿನಾಲ್ಕು ದಿನ ಬರೆಯುತ್ತಾರೆ. "ವಿಮಾನ ತಡ ಆದ್ರೆ ಪಾಲಿಸಿ ಕಾಯಲ್ಲ." ವಿಮೆಯವರ ಸಹಾಯವಾಣಿಯ ನಂಬರನ್ನು ಅವರವರ ಮಾತ್ರೆಗಳ ಹೆಸರಿನ ಜೊತೆ ಎರಡು ಚೀಟಿಯಲ್ಲಿ ಬರೆದು, ದೊಡ್ಡಾಕೆಯದನ್ನು ಚಿಕ್ಕಾಕೆಯ ಕೈಗೆ, ಚಿಕ್ಕಾಕೆಯದನ್ನು ದೊಡ್ಡಾಕೆಯ ಕೈಗೆ ಕೊಡುತ್ತಾರೆ. "ಆಸ್ಪತ್ರೆಗೆ ಅಂತ ಹೊರಟ ಕೂಡಲೇ ಮೊದಲು ಇಲ್ಲಿಗೆ ಫೋನು."

ಒಂಬತ್ತನೇ ಪ್ರಶ್ನೆ ಬಂದಾಗ ಪೆನ್ನನ್ನು ದೊಡ್ಡಾಕೆಗೆ ಒಪ್ಪಿಸುತ್ತಾರೆ. ಆ ದರ್ಜಿಯ ನಂತರ ಅದೊಂದನ್ನು ಅವರು ಯಾರಿಗೂ ಬರೆದುಕೊಡುವುದಿಲ್ಲ. ಮೊದಲು ಒಂದು ಹಳೆಯ ಹಾಳೆಯ ಹಿಂಭಾಗದಲ್ಲಿ ತಾವು ಬರೆದು ತೋರಿಸುತ್ತಾರೆ. ದೊಡ್ಡಾಕೆ ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಫಾರಂಗೆ ಇಳಿಸುತ್ತಾರೆ. ಎದುರಿನ ಕೊಠಡಿಯವರು ಹಣ ಕಟ್ಟಿಸಿಕೊಂಡು ಪಾಲಿಸಿ ಕೊಡುತ್ತಾರೆ.

ಮೂರು ಗಂಟೆ. ಮೂರೂಕಾಲು. ಚಿಕ್ಕಾಕೆ ಸುಮ್ಮನೆ ಕೂರಲಾರದೆ ಸ್ಟೇಪ್ಲರನ್ನು ಬಿಚ್ಚಿ ಮುಚ್ಚಿ ಮಾಡುತ್ತಿದ್ದಾರೆ. ಮೂರು ನಲವತ್ತಕ್ಕೆ ಮೇಲಿನಿಂದ ಕಾವಲಿನವರ ತಲೆ ಇಣುಕುತ್ತದೆ. "ತಟ್ಟೆಯಮ್ಮ, ನಿಮ್ಮೋರನ್ನ ಕಳಿಸಿ!"

ಅರ್ಜಿ ಕೊಟ್ಟು ಕೆಳಗಿಳಿದು ಬಂದ ಚಿಕ್ಕಾಕೆಗೆ ಈಗ ಮಾತಿನ ಉಮೇದು ಮರಳಿದೆ. "ಅಲ್ಲಮ್ಮ, ಇಷ್ಟೆಲ್ಲ ಮಾಡಿ, ಅಲ್ಲಿ ಇವಳಿಗೆ ಏನೂ ಆಗದೆ ಗುಂಡಗೆ ವಾಪಸ್ ಬಂದ್ರೆ? ಪಾಲಿಸಿ ದಂಡ ಅಲ್ವಾ?"

ತಟ್ಟೆಯಮ್ಮ ಮೇಜಿನಡಿಯ ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಹೊರಕ್ಕೆ ಎಳೆಯುತ್ತಾರೆ. ಬಾಯಿವರೆಗೆ ಹಳೆಯ ಪಾಲಿಸಿಗಳು. ಹೋಗಿ ಬಂದವರು ಇನ್ನು ಬೇಡವೆಂದು ತಂದುಕೊಟ್ಟವು. ದೊಡ್ಡಾಕೆ ನೋಡಿ ಬರೆದ ಹಾಳೆಯೂ ಇದರದ್ದೇ. ಇದರಲ್ಲಿ ಒಂದೂ ಯಾರ ಉಪಯೋಗಕ್ಕೂ ಬಂದಿಲ್ಲ.

"ನಿಮ್ಮದೂ ಪೂರ್ತಿ ದಂಡ ಆಗಲಿ" ಎನ್ನುತ್ತಾರೆ ತಟ್ಟೆಯಮ್ಮ, ಮಾತ್ರೆಗಳನ್ನು ತಟ್ಟೆಯಿಂದ ಎತ್ತಿ ಹೊಸ ಕಾಗದದಲ್ಲಿ ಸುತ್ತಿ, ಮೇಲೆ ಅವುಗಳ ಹೆಸರು ಬರೆಯುತ್ತಾ. "ವಾಪಸ್ ಬಂದ್ಮೇಲೆ ಮರೀದೆ ನನಗೆ ತಂದುಕೊಡಿ. ಹಿಂಭಾಗ ಖಾಲಿ ಇರುತ್ತೆ, ನನಗೆ ಬರೆಯೋಕೆ ಹಾಳೆ ಬೇಕು."