ಸಾಕು ಅಂದದ್ದಕ್ಕೆ ಬಂದ ನಾಯಿ

ನಾಯಿ ಸತ್ತರೆ ಮಗುವಿಗೆ ಹದಿನಾಲ್ಕು ಇಂಜೆಕ್ಷನ್ನು. ಅದೂ ಹೊಕ್ಕುಳ ಸುತ್ತ.

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಆಂಡಾಳ್‌ಗೆ ನೆನಪಾಗುತ್ತಿದ್ದದ್ದು ಇದೊಂದೇ. ಪಕ್ಕದಲ್ಲಿ ಮಲಗಿದ್ದ ಹನ್ನೊಂದು ತಿಂಗಳ ರಂಗನ ಹೊಟ್ಟೆಯ ಮೇಲೆ ಕೈಯಿಟ್ಟು, ಇಷ್ಟು ಪುಟ್ಟ ಹೊಟ್ಟೆಯಲ್ಲಿ ಹದಿನಾಲ್ಕಕ್ಕೆ ಜಾಗವಾದರೂ ಎಲ್ಲಿದೆ ಎಂದು ಯೋಚಿಸುವಳು. ಕಾಫಿಗೆ ನೀರಿಡುವ ಮೊದಲೇ ಹಿತ್ತಲ ಬಾಗಿಲು ತೆಗೆಯುವಳು. ಸೀಬೆಮರದ ಬುಡದಲ್ಲಿ ಆ ಕಂದು ನಾಯಿ ಬಾಲ ಅಲ್ಲಾಡಿಸಿದರೆ ಅವತ್ತಿನ ಮಟ್ಟಿಗೆ ಅವಳಿಗೆ ಉಸಿರು ಬರುತ್ತಿತ್ತು.

ಆ ನಾಯಿ ಮನೆಗೆ ಬಂದದ್ದೇ ಮಾತಿನ ಎಡವಟ್ಟಿನಿಂದ. ಎಪ್ಪತ್ತನಾಲ್ಕನೇ ಇಸವಿ. ಗಂಡ ಸಂಪತ್ ಕುಮಾರನಿಗೆ ಮದ್ದೂರಿನ ಹೈಸ್ಕೂಲಿಗೆ ವರ್ಗವಾಗಿ, ಬೆಂಗಳೂರಿನಲ್ಲಿ ಓದಿ ಬೆಳೆದ ಆಂಡಾಳ್ ಕೈಗೂಸಿನೊಂದಿಗೆ ದನದ ಆಸ್ಪತ್ರೆಯ ಹಿಂದಿನ ಬೀದಿಗೆ ಬಂದಿದ್ದಳು. ಆಸ್ಪತ್ರೆಯ ಕಾಂಪೌಂಡರು ಅಕ್ರಂ ಪಾಷಾ ಲಾರಿಗೆ ಸಿಕ್ಕ ನಾಯಿಗಳನ್ನೂ ಯಾರೋ ಚೀಲದಲ್ಲಿ ಕಟ್ಟಿ ಎಸೆದ ಬೆಕ್ಕಿನ ಮರಿಗಳನ್ನೂ ಎತ್ತಿ ತಂದು ಔಷಧಿ ಹಚ್ಚುವವನು. ಹಚ್ಚಿದ ಮೇಲೆ ಇಟ್ಟುಕೊಳ್ಳಲು ಅಲ್ಲಿ ಜಾಗವಿಲ್ಲ. ಗಾಯ ಮಾಯುವ ತನಕ ಇರಿಸಿಕೊಳ್ಳಿ ಎಂದು ಮನೆಮನೆಯ ಗೇಟು ತಟ್ಟುತ್ತಿದ್ದ. ಆಂಡಾಳ್ ಮರುಕದಿಂದ ಒಂದು ಬೆಕ್ಕಿನ ಮರಿಯನ್ನು ಒಂದು ವಾರ ಇಟ್ಟುಕೊಂಡಿದ್ದಳು. ಅದು ಬೆಸಗರಹಳ್ಳಿಯ ಯಾರದೋ ಮನೆ ಸೇರಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ಪಾಷಾ ಮತ್ತೆ ಗೇಟಿನಲ್ಲಿ. ಈ ಸಲ ಹಿಂಗಾಲಿಗೆ ಪಟ್ಟಿ ಕಟ್ಟಿದ ನಾಯಿ.

"ಗಾಯ ಮಾಯೋ ಗಂಟ ಅಷ್ಟೇ ಅಮ್ಮಾ. ಸಾಕ್ತೀರಾ?"

ಒಳಗೆ ಹಾಲು ಉಕ್ಕುತ್ತಿತ್ತು, ರಂಗ ಕಿರುಚುತ್ತಿದ್ದ. "ಸಾಕು ಪಾಷಾ, ಸಾಕು!" ಎಂದು ಕೈಯಾಡಿಸಿ ಆಂಡಾಳ್ ಒಳಗೆ ಓಡಿದಳು.

ಹಾಲಿಳಿಸಿ ಬರುವಷ್ಟರಲ್ಲಿ ನಾಯಿ ಸೀಬೆಮರಕ್ಕೆ ಕಟ್ಟಿಯಾಗಿತ್ತು. ಪಾಷಾ ಬೀದಿಯ ತಿರುವಿನಲ್ಲಿ ಹಾಲಿನ ಹೊಂಬಾಳಮ್ಮನನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದ, "ಎಂಥ ತಾಯಿ ನೋಡು. ಸಾಕ್ತೀರಾ ಅಂದೆ, ಸಾಕು ಅಂದ್ರು. ಅದೂ ಎರಡು ಸಲ!"

ವಾಪಸು ಕಳಿಸಲು ಅವಳಿಗೆ ನಾಲಗೆ ಏಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿರುವಾಗಲೇ ಮೂರನೆಯ ದಿನ ರಂಗ ಅಂಬೆಗಾಲಿಟ್ಟು ಸೀಬೆಮರದ ಹತ್ತಿರ ಹೋದ. ನಾಯಿ ಅವನ ಕೈ ನೆಕ್ಕಿತು. ಹಿಂದಿನ ದಿನವಷ್ಟೇ ಬಿದ್ದು ತರಚಿಕೊಂಡಿದ್ದ ಕೈ.

ಡಾಕ್ಟರು ಗಾಯ ತೊಳೆದು ಹೇಳಿದರು, "ಕಚ್ಚಿಲ್ಲ, ನೆಕ್ಕಿದೆ ಅಷ್ಟೇ. ಆದರೆ ಆ ನಾಯೀನ ಎಲ್ಲಿಗೂ ಬಿಡಬೇಡಿ. ಹತ್ತು ದಿನ ಕಟ್ಟಿಹಾಕಿ ನೋಡಿ. ಚೆನ್ನಾಗಿದ್ದರೆ ಮಗುವಿಗೆ ಏನೂ ಬೇಡ. ಸತ್ತರೆ, ತಪ್ಪಿಸಿಕೊಂಡರೆ, ಆ ಕ್ಷಣವೇ ಬನ್ನಿ. ಹದಿನಾಲ್ಕು ಹಾಕಬೇಕು."

ಅಂದಿನಿಂದ, ಯಾವ ನಾಯಿ ತೊಲಗಿದರೆ ಸಾಕು ಅಂದುಕೊಂಡಿದ್ದಳೋ ಅದರ ಜೀವ ಕಾಯುವ ಕೆಲಸ ಆಂಡಾಳ್‌ದು. ಹಗ್ಗಕ್ಕೆ ಎರಡು ಗಂಟು ಹಾಕಿದಳು, ಮಿಕ್ಕಿದ್ದರ ಬದಲು ಹೊತ್ತುಹೊತ್ತಿಗೆ ಮೊಸರನ್ನ ಇಡತೊಡಗಿದಳು. ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂದು ಯಾರೋ ಹೇಳಿದ್ದರು. ಗಂಟೆಗೊಮ್ಮೆ ನೀರಿನ ಬಟ್ಟಲು ಮುಂದಿಟ್ಟು, ಕುಡಿಯುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಪಾಪ, ಅವಳ ದಾಕ್ಷಿಣ್ಯಕ್ಕೆ ನಾಯಿ ಪ್ರತಿ ಸಲವೂ ಎರಡು ಗುಟುಕು ಕುಡಿಯುತ್ತಿತ್ತು.

"ನನಗೆ ಜ್ವರ ಬಂದಾಗಲೂ ನೀನು ಇಷ್ಟು ಸಲ ಎದ್ದು ನೋಡಿರಲಿಲ್ಲ," ಎಂದ ಸಂಪತ್ ಕುಮಾರ.

"ನಿಮಗೇನಾದರೂ ಆದರೆ ಮಗುವಿಗೆ ಇಂಜೆಕ್ಷನ್ ಹಾಕಲ್ಲವಲ್ಲ," ಎಂದಳು ಆಂಡಾಳ್. ಅವಳು ನಗುವ ಸ್ಥಿತಿಯಲ್ಲಿರಲಿಲ್ಲ.

ಕಾವಲಿನ ಆರನೆಯ ದಿನ ನಾಯಿ ಊಟ ಬಿಟ್ಟಿತು. ಮೊಸರನ್ನ ಮೂಸಿ ಮುಖ ತಿರುಗಿಸಿತು. ತುಪ್ಪ ಹಾಕಿದಳು, ಹಾಲು ಹಾಕಿದಳು. ಏಳನೆಯ ಬೆಳಗ್ಗೆಯೂ ಹಾಗೇ. ಊಟ ಬಿಡುವುದೂ ಲಕ್ಷಣವೇ ಇರಬೇಕು ಎನ್ನಿಸಿ, ರಂಗನನ್ನು ಸೊಂಟಕ್ಕೇರಿಸಿಕೊಂಡು ಡಾಕ್ಟರ ಬಳಿ ಹೊರಟವಳಿಗೆ ಬಾಗಿಲಲ್ಲೇ ಹೊಂಬಾಳಮ್ಮ ಎದುರಾದಳು. ವಿಷಯ ಕೇಳಿ ಹಿತ್ತಲಿಗೆ ಬಂದು ತಟ್ಟೆ ನೋಡಿದವಳೇ ಹಾಲಿನ ಕ್ಯಾನು ಕೆಳಗಿಟ್ಟು ನಕ್ಕಳು.

"ಅಯ್ಯೋ ನಮ್ಮವ್ವ! ಇದು ನಮ್ಮ ಸೀಮೆ ನಾಯಿ ಕಣವ್ವಾ. ದಿನಾ ಮೊಸರನ್ನ ಇಕ್ಕುದ್ರೆ ತಿಂತದಾ? ಐದ್ ದಿನ ನಿಮ್ಮ ಮರ್ವಾದೆಗೆ ತಿಂದದೆ. ಮುದ್ದೆ ಇಕ್ಕಿ."

"ನನಗೆ ಮುದ್ದೆ ಮಾಡೋಕೆ ಬರಲ್ಲ."

"ಬೆಂಗ್ಳೂರ್‌ನಾಗೆ ಅಷ್ಟೆಲ್ಲ ಓದಿ ಮುದ್ದೆ ಬರಾಕಿಲ್ವಾ? ಅದೇನ್ ಕಲಿಸ್‌ಕೊಟ್ಟವ್ರೆ ನಿಮಗೆ! ತನ್ನಿ, ರಾಗಿ ಇಟ್ಟು ಎಲ್ಲದೆ?"

ರಾಗಿ ಹಿಟ್ಟು ಹೊಂಬಾಳಮ್ಮನ ಮನೆಯಿಂದಲೇ ಬಂತು. ಆಂಡಾಳ್ ತಿರುವಿದಳು, ಕೈ ಸುಟ್ಟುಕೊಂಡಳು. ಮುದ್ದೆಯ ತುಂಬ ಗಂಟು.

"ಇರ್ಲಿ ಬುಡಿ. ನಾಯಿಗೆ ಗಂಟು ಎಣಿಸಕ್ಕೆ ಬರಾಕಿಲ್ಲ."

ಸಾರಿನಲ್ಲಿ ಕಿವುಚಿ ಮುಂದಿಟ್ಟರು. ನಾಯಿ ಮೂರೇ ಬಾಯಿಗೆ ಮುಗಿಸಿ ತಟ್ಟೆ ನೆಕ್ಕಿ, ಇನ್ನೂ ಇದೆಯಾ ಎನ್ನುವಂತೆ ಆಂಡಾಳ್ ಮುಖ ನೋಡಿತು. ಅವಳು ಮಗುವನ್ನೆತ್ತಿಕೊಂಡೇ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಏಳು ದಿನಕ್ಕೆ ಮೊದಲ ಸಲ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹತ್ತು ದಿನ ಕಳೆಯಿತು. ಎಣಿಕೆ ತಪ್ಪಿರಬಹುದೆಂದು ಇನ್ನೊಂದು ದಿನ ಕಾದಳು. ಡಾಕ್ಟರು ರಂಗನ ಕೆನ್ನೆ ಚಿವುಟಿ, "ಏನೂ ಬೇಡಮ್ಮ, ಆರಾಮಾಗಿ ಹೋಗಿ" ಎಂದರು. ಅವತ್ತು ಮಧ್ಯಾಹ್ನ ಅವಳು ಹಿತ್ತಲ ಬಾಗಿಲು ತೆರೆದಿಟ್ಟೇ ಎರಡು ಗಂಟೆ ನಿದ್ದೆ ಮಾಡಿದಳು.

ಉಳಿದದ್ದು ಒಂದು ಫೋನು. ಹತ್ತು ದಿನ ಮುಗಿದ ಕೂಡಲೇ ತಿಳಿಸಿ, ಆತಗೂರಿನ ಒಂದು ಮನೆಯವರು ಈ ನಾಯಿಯನ್ನು ಕೇಳಿದ್ದಾರೆ ಎಂದು ಪಾಷಾ ಹೇಳಿಹೋಗಿದ್ದ. ಫೋನಿದ್ದದ್ದು ಎದುರುಮನೆ ಪಂಕಜಮ್ಮನವರಲ್ಲಿ, ಹತ್ತು ಹೆಜ್ಜೆ. ಆದರೂ ಅವಳು ಹೋಗಲಿಲ್ಲ. ಒಂದು ದಿನ ಬಟ್ಟೆ ಒಗೆಯುವುದಿತ್ತು, ಇನ್ನೊಂದು ದಿನ ರಂಗನಿಗೆ ಶೀತ. ಮೂರನೆಯ ದಿನ ನೆಪ ಮುಗಿಯಿತು. ಎದುರುಮನೆಗೆ ಹೋಗಿ, ಫೋನಿಗೆ ಹೊದಿಸಿದ್ದ ಕಸೂತಿ ಬಟ್ಟೆ ಸರಿಸಿ ರಿಸೀವರ್ ಎತ್ತಿ, ಎಕ್ಸ್‌ಚೇಂಜಿಗೆ ದನದ ಆಸ್ಪತ್ರೆ ಕೊಡಿ ಎಂದಳು.

"ಪಾಷಾ, ನಾನು ಮೇಷ್ಟ್ರ ಮನೆಯಿಂದ. ಹತ್ತು ದಿನ ಆಯಿತು."

ಆ ಕಡೆ ದನಿ ಇಳಿಯಿತು. "ನಾಯಿ?"

"ಚೆನ್ನಾಗಿದೆ. ಎರಡು ಮುದ್ದೆ ತಿನ್ನುತ್ತೆ."

"ಯಾ ಅಲ್ಲಾ! ಸಂಜೆ ಬಂದು ಬಿಚ್ಕೊಂಡು ಹೋಗ್ತೀನಮ್ಮ. ಆತಗೂರಿನೋರು ಕಾಯ್ತಾವ್ರೆ."

"ಅವರಿಗೆ ಹೇಳಿ, ಅನ್ನ ಹಾಕಿದರೆ ಐದು ದಿನ ಮರ್ಯಾದೆಗೆ ತಿನ್ನುತ್ತೆ. ನಂಬಬೇಡಿ ಅಂತ."

ಪಾಷಾ ನಕ್ಕ. ಆಮೇಲೆ, "ರೈಸ್‌ಮಿಲ್ ಹತ್ರ ಮೂರು ಬೆಕ್ಕಿನ ಮರಿ ಸಿಕ್ಕವೆ. ಕಣ್ಣು ಈಗ ಬಿಟ್ಟವೆ ಅಷ್ಟೇ. ಬೇಡ ಬಿಡಿ ಅಮ್ಮಾ, ನಿಮಗೆ ಮೊದಲೇ ಭಯ," ಎಂದ.

"ಸಾಕು," ಎಂದಳು ಆಂಡಾಳ್.

"ಯಾವ ಸಾಕು ಅಮ್ಮಾ?"

"ಸಾಕ್ತೀನಿ, ಕಳಿಸಿ ಅಂತ," ಎಂದಳು. ಫೋನಿಡುವ ಮೊದಲು ಅವಸರದಲ್ಲಿ ಸೇರಿಸಿದಳು, "ಪಾಷಾ, ಮರೀಬೇಡಿ. ಮರಿಗಳ ಉಗುರು ಕತ್ತರಿಸಿ ಕಳಿಸಿ."